ಅಜ್ಜನ ಮಿಲಿಟರಿ ಜೀಪಿನ ಬ್ರೇಕು: ಮನೆಯಲ್ಲೇ ಮಾಡಿಕೊಳ್ಳಬಹುದೇ?

ಪ್ರಶ್ನೆ: ನಮ್ಮ ಅಜ್ಜ ಮಿಲಿಟರಿ ಹರಾಜಿನಲ್ಲಿ ಕೊಂಡಿದ್ದ ವಿಲ್ಲೀಸ್ ಜೀಪು ಧಾರವಾಡದ ಮನೆಯ ಹಿತ್ತಲಲ್ಲಿ 12 ವರ್ಷದಿಂದ ನಿಂತಿದೆ. ಎಂಜಿನ್ ಈಗ ಚಾಲೂ ಆಗಿದೆ. ಬ್ರೇಕ್ ಮಾತ್ರ ಹಿಡಿಯುವುದಿಲ್ಲ, ಪೆಡಲ್ ನೆಲ ಮುಟ್ಟುತ್ತದೆ. ಹೊಸ ಬ್ರೇಕ್ ಶೂ ತಂದು ನಾನೇ ಹಾಕಿಕೊಳ್ಳಬಹುದೇ? ಸ್ಕೂಟರ್, ಕಾರಿನ ಸಣ್ಣಪುಟ್ಟ ಕೆಲಸ ನನಗೆ ಬರುತ್ತದೆ.

ಉತ್ತರ: ಹಾಕಿಕೊಳ್ಳಬಹುದು. ಶೂ ಅಂದರೆ ಗಾಲಿಯ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಬಾಗಿದ ಪಟ್ಟಿ. ಆದರೆ ಶೂ ಒಂದನ್ನೇ ಬದಲಿಸಿ ರಸ್ತೆಗೆ ಇಳಿಯಬೇಡಿ. ನಿಮ್ಮ ಪೆಡಲ್ ನೆಲ ಮುಟ್ಟುತ್ತಿದೆ ಅಂದರೆ ಎಲ್ಲೋ ಆಯಿಲ್ ಸೋರಿದೆ, ಅಥವಾ ಸಿಲಿಂಡರಿನ ರಬ್ಬರ್ ಸತ್ತಿದೆ. ಶೂ ಸವೆದದ್ದು ಅದರ ಜೊತೆಗಿನ ಇನ್ನೊಂದು ತೊಂದರೆ.

ಈಗಿನ ಕಾರುಗಳಲ್ಲಿ ಬ್ರೇಕಿಗೆ ಎರಡು ದಾರಿ ಇರುತ್ತವೆ. ಒಂದು ಕಡೆ ಪೈಪು ಒಡೆದರೂ ಎರಡು ಗಾಲಿಯಾದರೂ ಹಿಡಿಯುತ್ತವೆ. ಈ ಜೀಪಿಗೆ ಒಂದೇ ದಾರಿ. ನಾಲ್ಕು ಗಾಲಿಯಲ್ಲಿ ಒಂದರ ಸಿಲಿಂಡರಿನ ರಬ್ಬರ್ ವಾಶರ್ ಕಿತ್ತರೂ ನಾಲ್ಕೂ ಹೋಗುತ್ತವೆ. ನನ್ನ ಜೀಪಿಗೆ ಮೊದಲ ಸಲ ಈ ಕೆಲಸ ಮಾಡಿದಾಗ ಎಲ್ಲ ಶೂಗಳಿಗೂ ಹೊಸ ಲೈನರ್ (ಶೂ ಮೇಲಿನ ಸವೆಯುವ ಪದರ) ಹಾಕಿಸಿದ್ದೆ. ಹಿಂದಿನ ಆಕ್ಸಲ್ ಮೇಲಿನ ರಬ್ಬರ್ ಹೋಸ್ ನೋಡಲು ಚೆನ್ನಾಗಿತ್ತು, ಹಾಗೇ ಬಿಟ್ಟೆ. ಹುಬ್ಬಳ್ಳಿಯ ನೃಪತುಂಗ ಬೆಟ್ಟ ಇಳಿಯುವಾಗ ಅದು ಒಡೆಯಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬದಿಯ ಮಣ್ಣಿಗೆ ತಾಗಿಸಿ ನಿಲ್ಲಿಸಿದೆ. ಪಕ್ಕದಲ್ಲಿ ಮಗಳು ಕೂತಿದ್ದಳು. ಅವತ್ತಿನಿಂದ ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ: ಮಾಡಿದರೆ ಪೆಡಲಿನಿಂದ ಗಾಲಿಯವರೆಗೆ ಪೂರ್ತಿ ಮಾಡಿ.

ಸಾಮಾನು ತರುವ ಮೊದಲು ಜೀಪು ಯಾವುದು ಅಂತ ಗುರುತಿಸಿ. ನಮ್ಮ ಕಡೆ ಹಳೆಯ ಜೀಪಿಗೆಲ್ಲಾ ವಿಲ್ಲೀಸ್ ಅಂತಲೇ ಅನ್ನುತ್ತಾರೆ. 1941ರಿಂದ 1945ರವರೆಗಿನ ಯುದ್ಧಕಾಲದ ವಿಲ್ಲೀಸ್ ಎಂಬಿ ಅಥವಾ ಫೋರ್ಡ್ ಜಿಪಿಡಬ್ಲ್ಯೂ ಆದರೆ ಮುಂದಿನ ಗ್ರಿಲ್ಲಿನಲ್ಲಿ ಸಾಮಾನ್ಯವಾಗಿ 9 ಸೀಳು ಇರುತ್ತವೆ. 7 ಸೀಳು, ಎತ್ತರದ ಬಾನೆಟ್ ಇದ್ದರೆ ಅದು ಬಹುಶಃ ಮಹೀಂದ್ರದ ಸಿಜೆ 3ಬಿ. ಹಿಂದಿನ ಗಾಲಿಯ ನಡುಭಾಗ, ಅಂದರೆ ಹಬ್ಬನ್ನೂ ನೋಡಿ. ಎಂಬಿಯಲ್ಲಿ ನಡುವೆ 6 ಬೋಲ್ಟಿನ ತಟ್ಟೆ ಕಾಣುತ್ತದೆ. ಅದನ್ನು ಬಿಚ್ಚಿ ಆಕ್ಸಲ್ ಎಳೆದು, ಒಳಗಿನ ಬೇರಿಂಗ್ ನಟ್ಟು ತೆಗೆದರೆ ಹಬ್ಬಿನ ಜೊತೆಗೇ ಡ್ರಮ್ ಬರುತ್ತದೆ. ನಡುವೆ ಒಂದೇ ದೊಡ್ಡ ನಟ್ಟು, ಅದಕ್ಕೆ ಪಿನ್ ಇದ್ದರೆ ಡ್ರಮ್ ಎಳೆದು ತೆಗೆಯುವ ಪುಲ್ಲರ್ ಬೇಕು. ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಹೊಡೆದರೆ ಡ್ರಮ್ ಸೀಳುತ್ತದೆ, ಹೊಡೆಯಲೇಬೇಡಿ. ಜಬಲ್ಪುರದಲ್ಲಿ ತಯಾರಾದ ಮಿಲಿಟರಿ ವಾಹನ ಜೋಂಗಾ ಇದ್ದವರಿಗೆ ಅಳತೆಗಳು ಬೇರೆ, ಕೆಲಸದ ಕ್ರಮ ಇದೇ.

ಈಗ ಜಾಕ್ ಹಚ್ಚುವ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ಎಂಬಿ ಜೀಪಿನ ಹ್ಯಾಂಡ್ ಬ್ರೇಕ್ ಗಾಲಿಗಳಲ್ಲಿ ಇಲ್ಲ. ಅದು ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ, ಹಿಂದಿನ ಶಾಫ್ಟ್ ಮೇಲಿದೆ. ಹಿಂದಿನ ಒಂದು ಗಾಲಿ ಎತ್ತಿದಿರಿ ಅಂದುಕೊಳ್ಳಿ. ಶಾಫ್ಟ್ ಬಿಗಿಯಾಗಿದ್ದರೂ, ಎರಡು ಗಾಲಿ ಬೇರೆ ಬೇರೆ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ಎತ್ತಿದ ಗಾಲಿ ಒಂದು ಕಡೆ, ನೆಲದ ಗಾಲಿ ಇನ್ನೊಂದು ಕಡೆ ತಿರುಗುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಜೀಪು ಉರುಳಿ ಜಾಕಿನಿಂದ ಜಾರುತ್ತದೆ. ಆದ್ದರಿಂದ ಸಪಾಟು ಗಟ್ಟಿ ನೆಲ ಬೇಕು. ನೆಲದ ಮೇಲಿರುವ ಗಾಲಿಗಳಿಗೆ ಹಿಂದೆ ಮುಂದೆ ದಪ್ಪ ಕಟ್ಟಿಗೆ ಕೊಡಿ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಒಮ್ಮೆಲೇ ಪುಡಿಯಾಗುತ್ತವೆ, ಅವುಗಳ ಮೇಲೆ ಜೀಪು ನಿಲ್ಲಿಸಬೇಡಿ.

ಎಡಗಡೆಯ ಗಾಲಿ ನಟ್ಟುಗಳು ಉಲ್ಟಾ ಪೇಚಿನವು ಇರಬಹುದು. ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರ ಇದೆಯೇ ನೋಡಿ. ಅದನ್ನು ತಿಳಿಯದೆ ಪಾನಾಕ್ಕೆ ಪೈಪು ಹಾಕಿ ಎಳೆದು ಸ್ಟಡ್ ಮುರಿದುಕೊಂಡವರು ಬಹಳ ಜನ.

ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಊದಬೇಡಿ, ಗಾಳಿ ಹೊಡೆಸಬೇಡಿ. ಹಳೆಯ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದು ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ನವಲಗುಂದ, ಅಣ್ಣಿಗೇರಿ ಕಡೆ ಹೊಲದಲ್ಲಿ ಓಡಿದ ಜೀಪಾದರೆ ಎರೆಮಣ್ಣು ಒಳಗೆ ಒಣಗಿ ಕಲ್ಲಾಗಿರುತ್ತದೆ. ಅದನ್ನೂ ನೆನೆಸಿಯೇ ತೆಗೆಯಿರಿ.

ಎಂಬಿಯ ಡ್ರಮ್ 9 ಇಂಚು. ಒಳಗೆ ಗೆರೆ ಬಿದ್ದಿದ್ದರೆ ಲೇಥಿಗೆ ಕೊಡಿ. ಹುಬ್ಬಳ್ಳಿಯ ಗೋಕುಲ ರೋಡಿನಂಥ ಕಡೆ ಲೇಥ್ ಕೆಲಸಕ್ಕೆ ಕೊರತೆ ಇಲ್ಲ. ಲೈನರನ್ನು ರಿವೆಟ್ ಹೊಡೆಸಿ ಹಳೆಯ ಶೂಗೇ ಹಚ್ಚಿಸಬಹುದು. ಹಳೆಯ ಶೂ ಗಟ್ಟಿ ಇದ್ದರೆ ನನಗೆ ಅದೇ ಇಷ್ಟ. ಡ್ರಮ್ ಕಟಿಂಗ್ ಆದ ಮೇಲೆ ಅದರ ಬಾಗು ಬದಲಾಗುತ್ತದೆ, ಶೂ ನಡುವೆ ಮಾತ್ರ ತಾಗುತ್ತದೆ. ಲೈನರಿಗೆ ಸೀಮೆಸುಣ್ಣ ಬಳಿದು, ಶೂವನ್ನು ಡ್ರಮ್ಮಿನೊಳಗೆ ಕೈಯಿಂದ ಒತ್ತಿ ಸರಿಸಿ ನೋಡಿ. ಸುಣ್ಣ ಅಳಿಸಿದ ಕಡೆ ತಾಗುತ್ತಿದೆ ಅಂತ ಅರ್ಥ. ಆ ಜಾಗವನ್ನು, ಮಾಸ್ಕ್ ಹಾಕಿಕೊಂಡೇ, ಸ್ವಲ್ಪ ಸ್ವಲ್ಪ ಉಜ್ಜುತ್ತಾ ಬಂದರೆ ಪೂರ್ತಿ ಕೂರುತ್ತದೆ. ಅರ್ಧ ದಿನ ಹಿಡಿಯುತ್ತದೆ, ಹಿಡಿಯಲಿ. ಪ್ರತಿ ಗಾಲಿಯಲ್ಲೂ ಉದ್ದನೆಯ ಲೈನರಿನ ಶೂ ಮುಂದೆ, ಗಿಡ್ಡನೆಯದು ಹಿಂದೆ ಬರಬೇಕು.

ಹಿಂದಿನ ಲೈನರಿಗೆ ಆಕ್ಸಲ್ ಆಯಿಲ್ ಅಥವಾ ಗ್ರೀಸ್ ತಾಗಿದ್ದರೆ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬೇಡಿ. ಬಿಸಿಯಾದಾಗ ಒಳಗೆ ಹೀರಿದ ಎಣ್ಣೆ ಮತ್ತೆ ಹೊರಗೆ ಬರುತ್ತದೆ. ಸೀಲ್ ಬದಲಿಸಿ, ಎರಡೂ ಬದಿಯ ಲೈನರ್ ಬದಲಿಸಿ.

ಗಾಲಿಗಳಲ್ಲಿ ಶೂಗಳನ್ನು ತಳ್ಳುವ ಸಿಲಿಂಡರುಗಳನ್ನು ಬಿಚ್ಚಿ ಒಳಗೆ ಬೆರಳಾಡಿಸಿ. ನುಣುಪಾಗಿದ್ದರೆ ಹೊಸ ರಬ್ಬರ್ ಕಿಟ್ ಸಾಕು. ತುಕ್ಕಿನ ಗುಳಿ ಇದ್ದರೆ ಸಿಲಿಂಡರೇ ಹೊಸದು ಹಾಕಿ, ಗುಳಿ ಹೊಸ ರಬ್ಬರನ್ನೂ ಹರಿಯುತ್ತದೆ. ರಬ್ಬರ್ ಹೋಸ್ ಒಂದನ್ನೂ ಉಳಿಸಬೇಡಿ. ಹೊರಗೆ ಚಂದ ಕಂಡರೂ ಒಳಗೆ ಊದಿ ದಾರಿ ಮುಚ್ಚಿರುತ್ತದೆ. ಕಬ್ಬಿಣದ ಪೈಪಿಗೆ ‘ಬಂಡಿ ಪೈಪ್’ (ಬ್ರೇಕಿಗೆ ಬಳಸುವ ಉಕ್ಕಿನ ಪೈಪು) ಕೇಳಿ ತನ್ನಿ, ತುದಿಯನ್ನು ಎರಡು ಮಡಿಕೆಯಾಗಿ ಅಗಲಿಸಿ ಡಬಲ್ ಫ್ಲೇರ್ ಮಾಡಿಸಿ.

ಪೆಡಲ್ ತುಳಿದಾಗ ಆಯಿಲನ್ನು ಗಾಲಿಗಳತ್ತ ಒತ್ತುವ ಮಾಸ್ಟರ್ ಸಿಲಿಂಡರಿನಲ್ಲಿ ಸೂಜಿ ಮೊನೆಯಷ್ಟು ಒಂದು ತೂತು ಇದೆ. ಕಾಲು ತೆಗೆದಾಗ ಆಯಿಲ್ ಅದರ ಮೂಲಕ ಡಬ್ಬಿಗೆ ವಾಪಸ್ ಹೋಗುತ್ತದೆ. ತೂತು ಕಟ್ಟಿದ್ದರೆ, ಅಥವಾ ಪೆಡಲನ್ನು ಜಾಸ್ತಿ ಬಿಗಿ ಮಾಡಿದರೆ, ಬ್ರೇಕ್ ಬಿಡುವುದೇ ಇಲ್ಲ. ಡ್ರಮ್ ಕಾಯುತ್ತದೆ, ಜೀಪು ಎಳೆಯುವುದಿಲ್ಲ, ಕೊನೆಗೆ ಹೊಗೆ ಬರುತ್ತದೆ. ಪೆಡಲಿಗೆ ಅರ್ಧ ಇಂಚು ಖಾಲಿ ಆಟ ಇರಲೇಬೇಕು.

ನಾವೆಲ್ಲ ಬ್ರೇಕ್ ಆಯಿಲ್ ಅನ್ನುತ್ತೇವೆ ಅಲ್ವಾ, ಆ ಹೆಸರೇ ದಾರಿ ತಪ್ಪಿಸುತ್ತದೆ. ಬ್ರೇಕ್ ಆಯಿಲಿನ ದರ್ಜೆಗಳಾದ ಡಾಟ್ 3 ಮತ್ತು ಡಾಟ್ 4 ಎಂಜಿನ್ ಆಯಿಲಿನ ಜಾತಿಯವಲ್ಲ. ಒಂದು ಚಮಚ ಎಂಜಿನ್ ಆಯಿಲ್ ಬಿದ್ದರೂ ರಬ್ಬರೆಲ್ಲ ಊದುತ್ತದೆ. ಸಿಲಿಂಡರನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದೂ ತಪ್ಪು. ತೊಳೆಯಲು ಬ್ರೇಕ್ ಆಯಿಲನ್ನೇ ಬಳಸಿ. ಇದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹೀರಿದ ಮೇಲೆ 140ರ ಆಸುಪಾಸಿಗೇ ಕುದಿಯಬಹುದು. ಧಾರವಾಡದ ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬಿಯನ್ನು ಮುಂದಿನ ವರ್ಷ ಬಳಸಬೇಡಿ. ಡಾಟ್ 5 ಸಿಲಿಕೋನ್ ಬೇರೆಯೇ ವಸ್ತು, ಇದರ ಜೊತೆ ಬೆರೆಸಬಾರದು.

ಪೈಪಿನೊಳಗೆ ಸಿಕ್ಕ ಏರ್ ತೆಗೆಯಲು ಇನ್ನೊಬ್ಬರು ಬೇಕು. ನಮ್ಮ ಮನೆಯಲ್ಲಿ ತಮ್ಮ ಪೆಡಲ್ ಮೇಲೆ, ನಾನು ಕೆಳಗೆ. ಮಾಸ್ಟರ್ ಸಿಲಿಂಡರಿನಿಂದ ಎಲ್ಲಕ್ಕಿಂತ ದೂರದ ಗಾಲಿಯಿಂದ ಶುರು ಮಾಡಿ. ಎಡಗಡೆ ಸ್ಟೀರಿಂಗಿನ ಯುದ್ಧಕಾಲದ ಜೀಪಿಗೆ ಅದು ಹಿಂದಿನ ಬಲಗಾಲಿ, ಬಲಗಡೆ ಸ್ಟೀರಿಂಗಿನದಕ್ಕೆ ಹಿಂದಿನ ಎಡಗಾಲಿ. ಗಾಲಿ ಸಿಲಿಂಡರಿನ ಹಿಂದಿನ ಏರ್ ಬಿಡುವ ನಿಪ್ಪಲಿಗೆ ಪಾರದರ್ಶಕ ನಳಿಗೆ ಹಾಕಿ, ಇನ್ನೊಂದು ತುದಿ ಬ್ರೇಕ್ ಆಯಿಲಿನ ಬಾಟಲಿಯಲ್ಲಿ ಮುಳುಗಿರಲಿ. ‘ತುಳಿ, ಹಿಡಿದುಕೋ’ ಅಂದಾಗ ನಿಪ್ಪಲ್ ಸಡಿಲಿಸಿ. ಮುಚ್ಚಿದ ಮೇಲೆಯೇ ‘ಬಿಡು’ ಅನ್ನಿ. ಈ ಎರಡು ಮಾತು ಹಿಂದೆ ಮುಂದೆ ಆದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಮಾಸ್ಟರ್ ಸಿಲಿಂಡರ್ ಬರಿದಾಗಲು ಬಿಡಬೇಡಿ, ಬಾಟಲಿಗೆ ಬಂದ ಆಯಿಲನ್ನು ಮತ್ತೆ ಸುರಿಯಬೇಡಿ.

ಅಡ್ಜಸ್ಟಿಂಗ್ ಎರಡು ಕಡೆ ಇದೆ. ಶೂಗಳು ಕೂರುವ ಕೆಳಗಿನ ಪಿನ್ನುಗಳನ್ನು ಹೊಸ ಲೈನರ್ ಹಾಕಿದಾಗ ಮಾತ್ರ ಮುಟ್ಟಬೇಕು. ಡ್ರಮ್ಮಿನ ಸೀಳಿನೊಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ, ಒಂದು ಇಂಚಿನ ಸಾವಿರ ಭಾಗಗಳಲ್ಲಿ ಶೂ ಕೆಳತುದಿಯಲ್ಲಿ 5 ಭಾಗ, ಮೇಲ್ತುದಿಯಲ್ಲಿ 8 ಭಾಗ ಅಂತರ ಇಡಿ. ಆಮೇಲೆ ಸವೆದಂತೆಲ್ಲಾ ಶೂವನ್ನು ಡ್ರಮ್ಮಿನತ್ತ ತಳ್ಳುವ ಮೇಲಿನ ಕ್ಯಾಮ್ ಸಾಕು. ಶೂ ತಾಗುವವರೆಗೆ ತಿರುಗಿಸಿ, ಗಾಲಿ ಆರಾಮಾಗಿ ತಿರುಗುವಷ್ಟು ಹಿಂದೆ ಬಿಡಿ.

ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ತುಳಿದು ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಜೀಪು ಮನೆಯಲ್ಲೇ ಇರಲಿ. ಇಳಿಯದಿದ್ದರೆ ಖಾಲಿ ಸಪಾಟು ಜಾಗದಲ್ಲಿ ನಡಿಗೆಯ ವೇಗದಿಂದ ಶುರು ಮಾಡಿ. ಉಣಕಲ್ ಇಳಿಜಾರು, ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ರಸ್ತೆಯ ಸಂಜೆಯ ಗದ್ದಲ ಮೊದಲ ದಿನಕ್ಕೆ ಬೇಡ. ಏಳೆಂಟು ಸಲ ನಿಲ್ಲಿಸಿದ ಮೇಲೆ ನಾಲ್ಕೂ ಡ್ರಮ್ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಅದರ ಶೂ ಬಿಡುತ್ತಿಲ್ಲ. ಒಂದು ಮಾತ್ರ ತಣ್ಣಗಿದ್ದರೆ ಅದು ಹಿಡಿಯುತ್ತಿಲ್ಲ.

ಹೊಸ ಲೈನರ್ ಕೂತ ಮೇಲೆ ಪೆಡಲ್ ಸ್ವಲ್ಪ ಕೆಳಗಿಳಿಯುತ್ತದೆ. 200 ಕಿಲೋಮೀಟರ್ ಓಡಿದ ಮೇಲೆ ಮೇಲಿನ ಕ್ಯಾಮುಗಳನ್ನು ಇನ್ನೊಮ್ಮೆ ಹೊಂದಿಸಿ. ಆಗಲೇ ನಾಲ್ಕೂ ಗಾಲಿಗಳ ಒಳಬದಿಗೆ ಟಾರ್ಚ್ ಬಿಟ್ಟು, ಟೈರಿನ ಮೇಲೆ ಒದ್ದೆ ಗೆರೆ ಇದೆಯೇ ನೋಡಿಬಿಡಿ.