ಪದ ಪರಿಚಯ: ಲವಣ ಚಲನೆ

ಕೋಲಾರ ಜಿಲ್ಲೆಯ ಕೆರೆಗಳ ಸಾಲನ್ನು ಕಂಡವರಿಗೆ ಭೂವಿಜ್ಞಾನದ ಈ ಪದ ಅರ್ಧ ತಿಳಿದ ಹಾಗೆಯೇ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುತ್ತದೆ. ಅದು ತುಂಬುವ ತನಕ ಅದರ ಕೆಳಗಿನ ಊರು ಕಾಯಬೇಕು. ಕೆರೆಯ ಏರಿ ತಾನಾಗಿ ಮೇಲೇಳುವ ಇನ್ನರ್ಧ ಮಾತ್ರ ನಮ್ಮ ಕಡೆ ಕಾಣಸಿಗದು.

ನೆಲದೊಳಗೆ ಹೂತುಹೋದ ಕಲ್ಲುಪ್ಪಿನ ದಪ್ಪ ಪದರವು ಮೇಲಿನ ಹೂಳಿನ ಭಾರಕ್ಕೆ ಸಿಕ್ಕಿ, ಘನವಾಗಿದ್ದುಕೊಂಡೇ, ಬಹು ನಿಧಾನವಾಗಿ ಹರಿಯುವುದನ್ನು ಲವಣ ಚಲನೆ ಎನ್ನುತ್ತಾರೆ. ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ಒತ್ತಡ ತಾಳಲಾರದ ಬಂಡೆ ಸಿಡಿಯುತ್ತಿತ್ತು. ಉಪ್ಪು ಹಾಗೆ ಸಿಡಿಯದೆ ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಬಿಸಿ ಮುದ್ದೆಯನ್ನು ಅಂಗೈಯಲ್ಲಿ ಒತ್ತಿದರೆ ಬೆರಳ ಸಂದಿಯಿಂದ ಉಬ್ಬಿ ಬರುವಂತೆ, ಹೂಳು ಹೆಚ್ಚು ಕೂತ ಕಡೆಯಿಂದ ಸರಿದ ಉಪ್ಪು ಭಾರ ಕಡಿಮೆಯಿರುವ ಕಡೆ ಮೇಲೇಳುತ್ತದೆ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.2 ಗ್ರಾಂ, ಆಳಕ್ಕೆ ಹೋದರೂ ಅದು ಹೆಚ್ಚು ಬದಲಾಗದು. ಹೂಳಾದರೋ ಹೂತಷ್ಟೂ ನೀರು ಹಿಂಡಿಹೋಗಿ ಬಿಗಿದು, ಕೊನೆಗೆ ಉಪ್ಪಿಗಿಂತ ಭಾರವಾಗುತ್ತದೆ. ಮೇಲಿನ ಪದರಗಳನ್ನು ಚುಚ್ಚಿಕೊಂಡು ಬರುವ ಉಪ್ಪಿನ ಗುಮ್ಮಟಕ್ಕೆ ಡಯಾಪಿರ್ ಎಂದು ಹೆಸರು. ಗ್ರೀಕ್ ಮೂಲದಲ್ಲಿಯೂ ಅದರ ಅರ್ಥ ಚುಚ್ಚುವುದು ಎಂದೇ.

ಮೆಕ್ಸಿಕೋ ಕೊಲ್ಲಿಯ ಉತ್ತರ ಭಾಗ ಇದಕ್ಕೆ ಪ್ರಸಿದ್ಧವಾದ ನೆಲೆ. 16 ಕೋಟಿ ವರ್ಷಗಳಿಗೂ ಹಿಂದೆ, ಜುರಾಸಿಕ್ ಕಾಲದಲ್ಲಿ, ಸಮುದ್ರದ ನೀರು ಆವಿಯಾಗಿ ಉಳಿದ ಲೂವಾನ್ ಎಂಬ ಉಪ್ಪಿನ ಪದರದ ಮೇಲೆ ನದಿಗಳು ತಂದ ಹೂಳು ಕಿಲೋಮೀಟರುಗಟ್ಟಲೆ ದಪ್ಪವಾಗಿ ಕೂತಿದೆ. ಉಪ್ಪು ಸರಿದಲ್ಲಿ ತಗ್ಗು, ಎದ್ದಲ್ಲಿ ದಿಬ್ಬ. ಮಿನಿಬೇಸಿನ್ ಎಂಬ ಈ ತಗ್ಗುಗಳಿಗೆ ಕಡಲಡಿಯ ಇಳಿಜಾರಿನಲ್ಲಿ ಧಾವಿಸಿ ಬರುವ ಕೆಸರು ಪ್ರವಾಹ ಬಂದು ನುಗ್ಗುತ್ತದೆ. ಒಣಗಿದ ಕೆರೆಯಂಗಳದಲ್ಲಿ ನೀರು ಒಳಬರುವ ಮಗ್ಗುಲಲ್ಲಿ ಮರಳೂ ಏರಿಯ ಹತ್ತಿರ ನಯವಾದ ಗೋಡೂ ಇರುವಂತೆ, ಅಲ್ಲಿಯೂ ಒರಟು ಮರಳು ಮೊದಲು ಕೂರುತ್ತದೆ, ನಯವಾದದ್ದು ಮುಂದೆ ಸಾಗುತ್ತದೆ. ತಗ್ಗು ತುಂಬಿದ ಮೇಲೆ ಪ್ರವಾಹವು ಅತಿ ತಗ್ಗಾದ ಅಂಚನ್ನು ಕೊರೆದುಕೊಂಡು ಕೆಳಗಿನ ತಗ್ಗಿಗೆ ಇಳಿಯುತ್ತದೆ. ಆದರೆ ಕೂತ ಹೂಳೇ ಅಡಿಯ ಉಪ್ಪನ್ನು ಒತ್ತಿ ಅಂಚನ್ನು ಎತ್ತುತ್ತಿರುತ್ತದೆ. ನನಗೆ ಈ ಪದದಲ್ಲಿ ಅತ್ಯಂತ ಸೋಜಿಗವೆನಿಸುವುದು ಇದೇ: ಇಲ್ಲಿ ಹೂಳು ತುಂಬಿದರೆ ಕೆರೆ ಹಾಳು, ಅಲ್ಲಿ ಹೂಳೇ ಏರಿ ಕಟ್ಟುತ್ತದೆ.

ಹೀಗಾಗಿ ಈ ಪ್ರವಾಹಗಳು ಕೊರೆಯುವ ಕಡಲಡಿಯ ಕಾಲುವೆಯ ಗತಿಯನ್ನು ನಿರ್ಧರಿಸುವುದು ಎರಡು ವೇಗಗಳ ಪೈಪೋಟಿ. ಪ್ರವಾಹದ ಕೊರೆತ ಮೇಲುಗೈಯಾದರೆ ಕಾಲುವೆ ಏಳುತ್ತಿರುವ ದಿಬ್ಬವನ್ನೇ ಸೀಳಿ ಕಂದರವಾಗುತ್ತದೆ. ಉಪ್ಪಿನ ಏರಿಕೆ ಮೇಲುಗೈಯಾದರೆ ಕಾಲುವೆ ದಿಬ್ಬವನ್ನು ಬಳಸಿ ಪಕ್ಕಕ್ಕೆ ಹೊರಳುತ್ತದೆ, ಇಲ್ಲವೇ ಹಳೆಯ ಪಾತ್ರವನ್ನೇ ಬಿಡುತ್ತದೆ. ಅದೇ ಕೊಲ್ಲಿಯ ಬ್ರಯಂಟ್ ಕಂದರದಲ್ಲಿ ಎರಡೂ ಆಗಿವೆ. ಹಿಮಯುಗದಲ್ಲಿ ಸಮುದ್ರಮಟ್ಟ ಇಳಿದಿದ್ದಾಗ ಹೂಳು ಹೊತ್ತ ಪ್ರವಾಹಗಳು ಅದನ್ನು ಕೊರೆದು ತೆರೆದಿಟ್ಟಿದ್ದವು. ಪ್ರವಾಹ ನಿಂತ ಮೇಲೆ ಎರಡೂ ಮಗ್ಗುಲಿನಿಂದ ಉಪ್ಪು ಒತ್ತರಿಸಿ ಬಂದು ದಾರಿಯನ್ನು ಅಲ್ಲಲ್ಲಿ ಮುಚ್ಚಿತು. ಈಗಿನ ಕಡಲಡಿಯ ನಕ್ಷೆಯಲ್ಲಿ ಅದು ಒಂದೇ ಕಂದರವಾಗಿ ಕಾಣದೆ, ನಡುನಡುವೆ ದಿಬ್ಬಗಳಿರುವ ತಗ್ಗುಗಳ ಸರವಾಗಿ ಕಾಣುತ್ತದೆ.