ನೇರ ಮಾರಾಟದ ಟೀಂ: ಒಗ್ಗಟ್ಟು ಹೇಗೆ ಹುಟ್ಟುತ್ತದೆ, ನಿಷ್ಠೆ ಹೇಗೆ ಉಳಿಯುತ್ತದೆ

ಕಾಸರಗೋಡಿನ ಕಡೆ ನೇರ ಮಾರಾಟ (ಕಂಪನಿಯ ಮಾಲನ್ನು ಅಂಗಡಿಯಿಲ್ಲದೆ ಮನೆಮನೆಗೆ ಹೋಗಿ ಮಾರುವುದು) ಮಾಡುತ್ತಾ, ಜೊತೆಗೆ ಅದರ ಬಗ್ಗೆ ಓದುತ್ತಲೂ ಇರುವ ಗೆಳೆಯ ಗೆಳತಿಯರಿಗಾಗಿ ಈ ಟಿಪ್ಪಣಿ. ಡೆಮೊ ಕೊಡುವುದು, ಕಮಿಷನ್ ಹೇಗೆ ಸಿಗುತ್ತದೆ ಎಂಬ ಪ್ಲ್ಯಾನ್ ತೋರಿಸುವುದು, ಪಾಯಿಂಟ್ (ತಾನು, ತನ್ನ ಟೀಂ ತೆಗೆದ ಮಾಲಿಗೆ ಸಿಗುವ ಅಂಕ) ಲೆಕ್ಕ ಹಾಕುವುದು ನಮಗೆಲ್ಲ ಬೇಗ ಕೈಗೆ ಬರುತ್ತದೆ. ಟೀಂ ಉಳಿಸಿಕೊಳ್ಳುವುದು ಮಾತ್ರ ಕಷ್ಟ. ನೇರ ಮಾರಾಟದವರು ನೌಕರರಲ್ಲ. ಸಂಬಳ ಇಲ್ಲ, ಹಾಜರಿ ಪುಸ್ತಕ ಇಲ್ಲ. ನಾಳೆಯಿಂದ ಬರುವುದಿಲ್ಲ ಅಂದರೆ ಯಾರೂ ಕೇಳುವ ಹಾಗೂ ಇಲ್ಲ. ಹಾಗಾಗಿ ಇಡೀ ವ್ಯವಹಾರ ನಿಂತಿರುವುದು ‘ನಾನು ಇವರ ಪೈಕಿ’ ಅನ್ನುವ ಭಾವದ ಮೇಲೆ.

ನಾನು ಓದಿ, ನೋಡಿ ತಿಳಿದುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಭಾವ ಹುಟ್ಟಿಸುವುದು ಸುಲಭ. ಅದು ನಿಷ್ಠೆಯಾಗಿ ಉಳಿಯಬೇಕಾದರೆ ಲೆಕ್ಕ ನೇರವಾಗಿರಬೇಕು, ಬಿಟ್ಟು ಹೋಗುವವರಿಗೆ ಬಾಗಿಲೂ ತೆರೆದಿರಬೇಕು.

ಗುಂಪಿನ ಭಾವ ಎಷ್ಟು ಬೇಗ ಬರುತ್ತದೆ

ಇದಕ್ಕೆ ಓದಲೇಬೇಕಾದದ್ದು ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್ಫೆಲ್ ಮತ್ತು ಅವರ ಸಂಗಡಿಗರು 1971ರಲ್ಲಿ ಪ್ರಕಟಿಸಿದ ಪ್ರಯೋಗ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14-15 ವರ್ಷದ ಶಾಲಾ ಹುಡುಗರನ್ನು ಎರಡು ಗುಂಪು ಮಾಡಿದರು. ಪರದೆಯ ಮೇಲೆ ಕಂಡ ಚುಕ್ಕೆಗಳನ್ನು ಜಾಸ್ತಿ ಅಂದಾಜು ಮಾಡಿದವರು, ಕಡಿಮೆ ಅಂದಾಜು ಮಾಡಿದವರು ಎಂದು ಒಮ್ಮೆ. ಚಿತ್ರಕಾರ ಕ್ಲೇ ಅವರ ಚಿತ್ರ ಇಷ್ಟಪಟ್ಟವರು, ಕಾಂಡಿನ್ಸ್ಕಿ ಅವರ ಚಿತ್ರ ಇಷ್ಟಪಟ್ಟವರು ಎಂದು ಇನ್ನೊಮ್ಮೆ. ಹುಡುಗರಿಗೆ ಹಾಗೆ ಹೇಳಿದ್ದಷ್ಟೇ, ನಿಜವಾಗಿ ಗುಂಪು ಮಾಡಿದ್ದು ಮನಸ್ಸಿಗೆ ಬಂದ ಹಾಗೆ. ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಎಂದೂ ಅವರಿಗೆ ಗೊತ್ತಿರಲಿಲ್ಲ. ಆದರೂ ಹಣ ಹಂಚಲು ಹೇಳಿದಾಗ ತಮ್ಮ ಗುಂಪಿನವರ ಕಡೆಗೇ ವಾಲಿದರು. ತಮ್ಮವರಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಚಿಂತೆಯಿಲ್ಲ, ಆಚೆಯವರಿಗಿಂತ ಜಾಸ್ತಿ ಸಿಗಬೇಕು ಎನ್ನುವ ಲೆಕ್ಕಾಚಾರವೂ ಅದರಲ್ಲಿತ್ತು.

ಒಂದೇ ಬಣ್ಣದ ಸೀರೆ, ಟೀಮಿಗೊಂದು ಹೆಸರು, ಬ್ಯಾಡ್ಜ್, ವಾಟ್ಸಾಪ್ ಗ್ರೂಪು ಇವೆಲ್ಲ ಯಾಕೆ ಅಷ್ಟು ಬೇಗ ಕೆಲಸ ಮಾಡುತ್ತವೆ ಎಂದು ಇದರಿಂದ ತಿಳಿಯುತ್ತದೆ. ಆದರೆ ಒಂದು ವಿಷಯ ನೆನಪಿಡಿ. ಆ ಹುಡುಗರಿಂದ ಗುಂಪು ಏನನ್ನೂ ಕೇಳಿರಲಿಲ್ಲ. ನಮ್ಮ ಟೀಂ ಕೇಳುತ್ತದೆ. ಮಳೆಗಾಲದಲ್ಲಿ ಬಸ್ಸು ಹಿಡಿದು ಹೋಗಬೇಕು, ಮಾರಾಟವಾಗದ ಮಾಲು ಮನೆಯಲ್ಲಿಡಬೇಕು, ‘ಪುನಃ ಎಂತ ಮಾರ್ಲಿಕ್ಕೆ ಬಂದದ್ದು?’ ಎಂದು ಅತ್ತಿಗೆ ಕೇಳಿದರೆ ನಗುತ್ತಾ ಉತ್ತರಿಸಬೇಕು. ಬ್ಯಾಡ್ಜಿನಿಂದ ಶುರು ಮಾಡಬಹುದು, ಅಲ್ಲಿಂದ ಮುಂದಕ್ಕೆ ಬೇರೆ ಏನಾದರೂ ಬೇಕು.

ಬ್ರೌನಿ ವೈಸ್ ಮಾಡಿದ್ದು

ನೇರ ಮಾರಾಟದ ಚರಿತ್ರೆಯಲ್ಲಿ ಟೀಂ ಕಟ್ಟುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಮೆರಿಕದಲ್ಲಿ ಅರ್ಲ್ ಟಪ್ಪರ್ ಮಾಡಿದ ಪ್ಲಾಸ್ಟಿಕ್ ಡಬ್ಬಗಳು ಅಂಗಡಿಯಲ್ಲಿ ಖರ್ಚಾಗುತ್ತಿರಲಿಲ್ಲ. ಮುಚ್ಚಳ ಹಾಕುವ ರೀತಿಯನ್ನು ಯಾರಾದರೂ ತೋರಿಸಿಕೊಡಬೇಕಿತ್ತು. ಬ್ರೌನಿ ವೈಸ್ ಅದನ್ನು ಮನೆಮನೆಯ ಪಾರ್ಟಿಗಳಲ್ಲಿ ತೋರಿಸಿ ಮಾರುತ್ತಿದ್ದರು. 1951ರಲ್ಲಿ ಟಪ್ಪರ್ ಈಕೆಯನ್ನು ಕಂಪನಿಗೆ ಕರೆದು, ಅಂಗಡಿಗಳಿಂದ ಮಾಲು ವಾಪಸ್ ತೆಗೆದು, ಮಾರಾಟವನ್ನೆಲ್ಲ ಪಾರ್ಟಿಗೇ ಬಿಟ್ಟರು. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಬಂದ ಮೊದಲ ಮಹಿಳೆ ಬ್ರೌನಿ ವೈಸ್.

ಅವರು ಹೋದಲ್ಲೆಲ್ಲ ಕಪ್ಪಗಿನ ಒಂದು ಪಾಲಿಥಿನ್ ಗಟ್ಟಿಯನ್ನು ಜೊತೆಗೆ ಒಯ್ಯುತ್ತಿದ್ದರು. ಅದನ್ನು ಮುಟ್ಟಿ ಒಂದು ಆಸೆ ಹೇಳಿಕೊಳ್ಳಿ, ಆಮೇಲೆ ಕಷ್ಟಪಟ್ಟು ದುಡಿಯಿರಿ ಎಂದು ಮಾರಾಟದ ಹೆಂಗಸರಿಗೆ ಹೇಳುತ್ತಿದ್ದರು. 1954ರ ಫ್ಲೋರಿಡಾ ಸಮಾವೇಶದಲ್ಲಿ ಬಹುಮಾನಗಳನ್ನು ನೆಲದಲ್ಲಿ ಹುಗಿದಿಟ್ಟು, ಸಲಿಕೆ ಕೊಟ್ಟು ಅಗೆಸಿದರು. ಮನೆಯಲ್ಲಿ ಯಾರೂ ‘ಶಾಭಾಸ್’ ಅನ್ನದ ಗೃಹಿಣಿಯರಿಗೆ ನೂರಾರು ಜನರ ಮುಂದೆ ಹೆಸರು ಕೂಗಿ ಚಪ್ಪಾಳೆ ಹೊಡೆಸಿದ್ದು ದೊಡ್ಡ ವಿಷಯ. ನಮ್ಮಲ್ಲೂ ಅಷ್ಟೇ. ಮಾಸಿಕ ಮೀಟಿಂಗಿನಲ್ಲಿ ಎದ್ದು ನಿಂತು ಎರಡು ಮಾತಾಡಿದ ಅಕ್ಕನ ಮುಖ ನೋಡಿ. ಆ ತಿಂಗಳ ಕಮಿಷನ್‌ಗಿಂತ ಅದು ಅವರಿಗೆ ಹೆಚ್ಚು ದಿನ ನೆನಪಿರುತ್ತದೆ.

ಇನ್ನು ಕಥೆಯ ಉಳಿದ ಭಾಗ. 1958ರ ಶುರುವಿನಲ್ಲಿ ಟಪ್ಪರ್, ಬ್ರೌನಿ ವೈಸ್ ಅವರನ್ನು ಕೆಲಸದಿಂದ ತೆಗೆದರು. ಕಂಪನಿಯಲ್ಲಿ ಅವರ ಹೆಸರಲ್ಲಿ ಒಂದೇ ಒಂದು ಷೇರು ಇರಲಿಲ್ಲ. ಸಿಕ್ಕಿದ್ದು ಒಂದು ವರ್ಷದ ಸಂಬಳದಷ್ಟು ಹಣ. ಕಂಪನಿಗೆ ನಿಷ್ಠರಾಗಿರಿ ಎಂದು ವೇದಿಕೆಯಲ್ಲಿ ಹೇಳುವುದನ್ನು ಕೇಳುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆ ಕಡೆಯಿಂದಲೂ ನಿಷ್ಠೆ ಬರುತ್ತದೆ ಎಂಬ ಖಾತ್ರಿ ಏನೂ ಇಲ್ಲ. ಹಾಗಾಗಿ ಟೀಮಿನ ಗುರುತನ್ನು ಕಂಪನಿಯ ಲೋಗೋಗೆ ಕಟ್ಟಿ ಹಾಕಬೇಡಿ. ನಾವು ಸೇವೆ ಕೊಡುವ ಮನೆಗಳಿಗೆ, ನಮ್ಮ ನಮ್ಮೊಳಗಿನ ನಂಬಿಕೆಗೆ ಕಟ್ಟಿ.

ಉಳಿಯುವವರು ಯಾಕೆ ಉಳಿಯುತ್ತಾರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮನಶ್ಶಾಸ್ತ್ರಜ್ಞರಾದ ಜಾನ್ ಮೇಯರ್ ಮತ್ತು ನಟಾಲಿ ಅಲೆನ್ 1991ರಲ್ಲಿ ಬದ್ಧತೆಯನ್ನು ಮೂರು ಬಗೆ ಮಾಡಿ ತೋರಿಸಿದರು. ಮನಸ್ಸಿದ್ದು ಉಳಿಯುವುದು ಒಂದು. ಬಿಟ್ಟರೆ ನಷ್ಟ ಎಂದು ಉಳಿಯುವುದು ಇನ್ನೊಂದು. ಉಳಿಯದಿದ್ದರೆ ಸರಿಯಲ್ಲ, ಅವರ ಋಣ ಇದೆ ಎಂದು ಉಳಿಯುವುದು ಮೂರನೆಯದು. ಅವರು ಹೇಳಿದ್ದು ನೌಕರರ ಬಗ್ಗೆ. ಆದರೂ ನಮ್ಮ ವ್ಯವಹಾರಕ್ಕೆ ಸರಿಯಾಗಿ ಹೊಂದುತ್ತದೆ.

ಹೊರಗಿನಿಂದ ನೋಡಿದರೆ ಮೂವರೂ ಒಂದೇ ತರ ಕಾಣುತ್ತಾರೆ. ಮೂವರೂ ಮೀಟಿಂಗಿಗೆ ಬರುತ್ತಾರೆ. ವ್ಯತ್ಯಾಸ ಗೊತ್ತಾಗುವುದು ಲೆಕ್ಕ ಬಿಡಿಸಿದಾಗ. ಒಂದು ಉದಾಹರಣೆ ಮಾಡಿ ನೋಡೋಣ. ಒಬ್ಬರು ಪಾಯಿಂಟ್ ಉಳಿಸಿಕೊಳ್ಳಲು ತಿಂಗಳಿಗೆ 4,000 ರೂಪಾಯಿಯ ಮಾಲು ತೆಗೆದರು ಅಂದುಕೊಳ್ಳಿ. ಶೇಕಡ 20 ರಿಯಾಯಿತಿ, ಅಂದರೆ ಎಂಆರ್‌ಪಿ ಲೆಕ್ಕದಲ್ಲಿ 5,000ದ ಮಾಲು. ಅದರಲ್ಲಿ 2,000ದ್ದು ಮಾರಾಟವಾಯಿತು, ಲಾಭ 400. 1,000ದ್ದು ಮನೆ ಖರ್ಚಿಗೆ ಹೋಯಿತು. 2,000ದ್ದು ಕಪಾಟಿನಲ್ಲೇ ಉಳಿಯಿತು, ಅದಕ್ಕೆ ಕೊಟ್ಟ ದುಡ್ಡು 1,600. ಬಸ್ಸು, ರಿಕ್ಷಾ, ಡೆಮೊ ಖರ್ಚು 300. ತಿಂಗಳ ನಿಜವಾದ ಸಂಪಾದನೆ 100 ರೂಪಾಯಿ. ಸಿಕ್ಕಿಹಾಕಿಕೊಂಡ ದುಡ್ಡು 1,600. ಮುಂದಿನ ತಿಂಗಳೂ ಇದೇ ನಡೆದರೆ ಅದು 3,200 ಆಗುತ್ತದೆ.

ಈಗ ಆಕೆ ಟೀಂ ಬಿಡುವುದಿಲ್ಲ. ‘ನಮ್ಮ ಲೀಡರ್ ಮೇಲೆ ಎಷ್ಟು ನಿಷ್ಠೆ’ ಎಂದು ನಾವು ಖುಷಿಪಡುತ್ತೇವೆ. ಅದು ನಿಷ್ಠೆ ಅಲ್ಲ, ಕಪಾಟಿನ ಭಯ. ಟೀಂ ಲೀಡರ್‌ಗೆ ಇದು ಗೊತ್ತಿರಬೇಕು, ಅಷ್ಟೇ ಅಲ್ಲ, ಇದನ್ನು ತಡೆಯುವುದು ಲೀಡರ್‌ನ ಮೊದಲ ಕೆಲಸ. ನನ್ನ ಸಲಹೆ ಸರಳ. ಹಿಂದಿನ ಮಾಲು ಮುಗಿಯದೆ ಹೊಸ ಆರ್ಡರ್ ಹಾಕಿಸಬೇಡಿ, ನಿಮ್ಮ ಪಾಯಿಂಟ್ ಹೋದರೂ ಸರಿ.

ಇದಕ್ಕೆ ದಾರಿ ನಮ್ಮೂರಲ್ಲೇ ಇದೆ. ಕೇರಳದಲ್ಲಿ 1998ರಲ್ಲಿ ಶುರುವಾದ ಕುಟುಂಬಶ್ರೀಯ ಅಯಲ್‌ಕೂಟಗಳು (ನೆರೆಹೊರೆಯ ಹೆಂಗಸರ ಸ್ವಸಹಾಯ ಗುಂಪುಗಳು) ನಮ್ಮ ವಾರ್ಡುಗಳಲ್ಲೆಲ್ಲ ಇವೆ. ನಮ್ಮ ಟೀಮಿನ ಹೆಚ್ಚಿನ ಹೆಂಗಸರು ಅದರಲ್ಲೂ ಇರುವವರೇ. ಹತ್ತಿಪ್ಪತ್ತು ಜನ ಒಂದು ಮನೆಯ ಜಗಲಿಯಲ್ಲಿ ಕೂತು, ಉಳಿತಾಯ ಕಟ್ಟಿ, ಯಾರಿಗೆ ಎಷ್ಟು ಸಾಲ, ಯಾರು ಎಷ್ಟು ತೀರಿಸಿದರು ಎಂದು ಪುಸ್ತಕ ತೆರೆದು ನೋಡುತ್ತಾರೆ. ಅಲ್ಲಿ ಕಲಿತ ಅಭ್ಯಾಸವನ್ನು ಇಲ್ಲಿಗೂ ತನ್ನಿ. ತಿಂಗಳಿಗೊಮ್ಮೆ ಮಾಲು ತೆಗೆದದ್ದು, ಮಾರಿದ್ದು, ಉಳಿದದ್ದು, ಖರ್ಚು ಎಂದು ನಾಲ್ಕು ಅಂಕಿ ಎಲ್ಲರೂ ಓದಲಿ, ಲೀಡರ್ ಕೂಡ. ಲೀಡರ್‌ನ ಅಂಕಿ ಮುಚ್ಚಿಟ್ಟರೆ ಉಳಿದವರ ಅಂಕಿಗೂ ಬೆಲೆ ಇಲ್ಲ.

ಯಾವ ಭಾಷೆಯ ಟೀಂ?

ಹೊರಗಿನ ಟ್ರೇನರ್‌ಗಳು ಇದನ್ನು ಹೇಳಿಕೊಡುವುದಿಲ್ಲ. ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಸುಮ್ನೆ ಕರೆಯುವುದಲ್ಲ. ಒಂದೇ ಟೀಮಿನಲ್ಲಿ ಮನೆಯಲ್ಲಿ ತುಳು ಆಡುವವರು, ಬ್ಯಾರಿ ಆಡುವವರು, ಕನ್ನಡ ಮೀಡಿಯಂ ಓದಿದವರು, ಮಲಯಾಳ ಮಾತ್ರ ಓದಬಲ್ಲವರು ಇರುತ್ತಾರೆ. ಗ್ರೂಪಿಗೆ ಬರುವ ಮೆಸೇಜೆಲ್ಲ ಮಲಯಾಳ ಲಿಪಿಯಲ್ಲೇ ಇದ್ದರೆ ಪೆರ್ಲದ ಅಕ್ಕ ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾಗುತ್ತಾರೆ. ಎಲ್ಲ ಕನ್ನಡದಲ್ಲೇ ಇದ್ದರೆ ಕಾಞಂಗಾಡಿನ ಚೇಚಿಗೆ (ಮಲಯಾಳದಲ್ಲಿ ಅಕ್ಕ) ಅದೇ ಗತಿ. ಆಮೇಲೆ ಆಫರ್ ಮುಗಿದ ಮೇಲೆ ವಿಷಯ ತಿಳಿಯುತ್ತದೆ, ‘ಅವರವರೇ ಮಾಡಿಕೊಂಡರು’ ಎಂಬ ಮಾತು ಹುಟ್ಟುತ್ತದೆ. ಟೀಂ ಒಡೆಯುವುದು ಹೀಗೆಯೇ, ಕಮಿಷನ್ ಜಗಳದಿಂದ ಅಲ್ಲ.

ದರ, ಆಫರ್, ಕೊನೆಯ ದಿನಾಂಕ ಇಷ್ಟನ್ನಾದರೂ ಎರಡೂ ಭಾಷೆಯಲ್ಲಿ ವಾಯ್ಸ್ ಮೆಸೇಜ್ ಮಾಡಿ ಹಾಕಿ. ಡೆಮೊಗೆ ಇಬ್ಬಿಬ್ಬರು ಹೋಗಿ, ಬೇರೆ ಬೇರೆ ಭಾಷೆಯವರು ಜೋಡಿಯಾಗಲಿ. ಉಪ್ಪಳದ ಮನೆಯಲ್ಲಿ ಒಬ್ಬರು ಮಾತಾಡುತ್ತಾರೆ, ನೀರ್ಚಾಲಿನ ಮನೆಯಲ್ಲಿ ಇನ್ನೊಬ್ಬರು. ಇದರಿಂದ ಮಾರಾಟವೂ ಆಗುತ್ತದೆ, ‘ನನ್ನಿಂದ ಟೀಮಿಗೆ ಉಪಯೋಗ ಇದೆ’ ಎಂಬ ಭಾವವೂ ಬರುತ್ತದೆ. ಅಕ್ಕ, ಚೇಚಿ, ‘ಇತ್ತ’ (ಮುಸ್ಲಿಂ ಮನೆಗಳಲ್ಲಿ ಅಕ್ಕ) ಎಂದು ಅವರವರ ಮನೆಯಲ್ಲಿ ಕರೆಯುವ ಹಾಗೇ ಕರೆಯಿರಿ. ‘ಮೇಡಂ’ ಬೇಡ.

ಸ್ಪರ್ಧೆಯ ಬಗ್ಗೆ ಒಂದು ಎಚ್ಚರಿಕೆ

ಲೆಗ್‌ಗಳ (ಒಬ್ಬ ಲೀಡರ್ ಕೆಳಗಿನ ಕವಲು ಟೀಂಗಳ) ನಡುವೆ ಪಂದ್ಯ ಇಡುವ ಲೀಡರ್‌ಗಳು ಮನಶ್ಶಾಸ್ತ್ರಜ್ಞ ಮುಜಫರ್ ಶೆರಿಫ್ 1954ರಲ್ಲಿ ಒಕ್ಲಹೋಮಾದ ಒಂದು ಬೇಸಿಗೆ ಶಿಬಿರದಲ್ಲಿ ಮಾಡಿದ ಅಧ್ಯಯನವನ್ನು ತಿಳಿದಿರಬೇಕು. 22 ಹುಡುಗರು, ಎರಡು ಗುಂಪು, ಬಹುಮಾನದ ಆಟಗಳು. ಕೆಲವೇ ದಿನಗಳಲ್ಲಿ ಬಾವುಟ ಸುಡುವ, ಕೋಣೆಗೆ ನುಗ್ಗುವ ಮಟ್ಟಕ್ಕೆ ಬಂತು. ಒಟ್ಟಿಗೆ ಊಟ ಹಾಕಿದರೂ ಸರಿಹೋಗಲಿಲ್ಲ. ಎಲ್ಲರೂ ಸೇರದೆ ಆಗದ ಕೆಲಸ ಕೊಟ್ಟಾಗ, ನೀರಿನ ತೊಂದರೆ ಸರಿಪಡಿಸುವಾಗ, ನಿಂತ ಲಾರಿಯನ್ನು ಹಗ್ಗ ಹಾಕಿ ಎಳೆಯುವಾಗ ಹಗೆ ಇಳಿಯಿತು. ಹಾಗಾಗಿ ಪಂದ್ಯಕ್ಕಿಂತ ಜಾತ್ರೆಯಲ್ಲಿ ಎಲ್ಲರೂ ಸೇರಿ ಹಾಕುವ ಒಂದು ಸ್ಟಾಲ್ ಒಳ್ಳೆಯದು.

ಕಾನೂನು ಎಲ್ಲಿ ಬರುತ್ತದೆ

2021ರ ಡಿಸೆಂಬರ್ 28ರಂದು ಕೇಂದ್ರ ಸರಕಾರ ಗ್ರಾಹಕ ರಕ್ಷಣೆ (ನೇರ ಮಾರಾಟ) ನಿಯಮಗಳನ್ನು ಹೊರಡಿಸಿತು. ಪಿರಮಿಡ್ ಯೋಜನೆಗೆ (ಜನ ಸೇರಿಸಿದ್ದಕ್ಕೇ ದುಡ್ಡು ಕೊಡುವುದು), ಹಣ ಚಲಾವಣೆ ಯೋಜನೆಗೆ (ಹೊಸಬರು ಸೇರಿದ ಹಾಗೆ ಬೇಗ ದುಡ್ಡು ಸಿಗುತ್ತದೆ ಎಂದು ಆಸೆ ತೋರಿಸಿ ಹಣ ಕಟ್ಟಿಸುವುದು) ಅಲ್ಲಿ ನಿಷೇಧ ಇದೆ. ಹಣ ಚಲಾವಣೆಯನ್ನು 1978ರ ಕಾಯ್ದೆಯೇ ನಿಷೇಧಿಸಿತ್ತು. ಗುರುತಿನ ಚೀಟಿ ಇಲ್ಲದೆ, ಮೊದಲೇ ತಿಳಿಸಿ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಹೋಗುವಂತಿಲ್ಲ.

ಇದು ಟೀಂ ಗುರುತಿನ ಪಾಠಕ್ಕೆ ಯಾಕೆ ಸಂಬಂಧ ಅಂದರೆ, ‘ಈ ತಿಂಗಳು ಎಷ್ಟು ಜಾಯಿನಿಂಗ್?’ ಎಂಬುದೇ ಟೀಮಿನ ಹೆಮ್ಮೆಯಾದರೆ ನಾವು ನಿಂತಿರುವುದು ತಪ್ಪು ಜಾಗದಲ್ಲಿ. ದುಡ್ಡು ಬರಬೇಕಾದ್ದು ಮಾಲು ಮಾರಿದ್ದರಿಂದ, ಜನ ಸೇರಿಸಿದ್ದರಿಂದ ಅಲ್ಲ. ‘ಈ ತಿಂಗಳು ಎಷ್ಟು ಮನೆಯವರು ಎರಡನೇ ಸಲ ಕೇಳಿ ತೆಗೆದುಕೊಂಡರು?’ ಎಂದು ಕೇಳುವ ಟೀಮಿನ ಹೆಮ್ಮೆ ಗಟ್ಟಿ.

ಬಿಟ್ಟು ಹೋಗುವವರು

ನಮ್ಮ ಕಡೆಯ ಯಕ್ಷಗಾನ ಮೇಳಗಳನ್ನು ನೋಡಿ. ಪತ್ತನಾಜೆಗೆ (ತುಳು ಬೇಸ ತಿಂಗಳ ಹತ್ತನೆಯ ದಿನ) ತಿರುಗಾಟ ಮುಗಿಯುತ್ತದೆ. ಮುಂದಿನ ವರ್ಷ ಒಬ್ಬ ಕಲಾವಿದ ಬೇರೆ ಮೇಳಕ್ಕೆ ಹೋಗಬಹುದು. ಅವನನ್ನು ದ್ರೋಹಿ ಅನ್ನುವ ಕ್ರಮ ಇಲ್ಲ. ಹಾಗೆಂದು ತಿರುಗಾಟ ಇರುವಷ್ಟು ದಿನ ಅವನು ಕುಣಿತದಲ್ಲಿ ಕಡಿಮೆ ಮಾಡುತ್ತಾನಾ? ಇಲ್ಲ ಅಲ್ವಾ.

ನೇರ ಮಾರಾಟದಲ್ಲಿ ಮಾತ್ರ ಬಿಟ್ಟವರನ್ನು ‘ಕನಸಿಲ್ಲದವರು’, ‘ಸೋತವರು’ ಎಂದು ಮೀಟಿಂಗಿನಲ್ಲಿ ಆಡಿಕೊಳ್ಳುವ ಕೆಟ್ಟ ಚಾಳಿ ಬೆಳೆದಿದೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ನಮ್ಮದು ಸಣ್ಣ ಊರು. ಬಿಟ್ಟವರು ನಾಳೆ ಮದುವೆ ಮನೆಯಲ್ಲಿ, ರೇಷನ್ ಅಂಗಡಿಯಲ್ಲಿ ಸಿಗುತ್ತಾರೆ. ಅವರಲ್ಲಿ ಎಷ್ಟೋ ಜನ ಒಳ್ಳೆಯ ಗ್ರಾಹಕರಾಗಿ ಉಳಿಯಬಲ್ಲವರು. ಜೊತೆಗೆ, ಬಿಟ್ಟವರ ಬಗ್ಗೆ ಆಡುವ ಮಾತನ್ನು ಇನ್ನೂ ಇರುವವರು ಕಿವಿಗೊಟ್ಟು ಕೇಳುತ್ತಿರುತ್ತಾರೆ.

ಯಾರಾದರೂ ಸಾಕು ಅಂದರೆ ಮೊದಲು ಅವರ ಕಪಾಟು ನೋಡಿ. ಡೇಟ್ ಮುಗಿಯದ, ಸೀಲ್ ಒಡೆಯದ ಮಾಲನ್ನು ಕಂಪನಿಗೆ ವಾಪಸ್ ಮಾಡಲು ಆಗುತ್ತದಾ ಎಂದು ಒಪ್ಪಂದದಲ್ಲಿ ಓದಿ, ಅರ್ಜಿ ಬರೆಯಲು ನೀವೇ ಕೂತು ಸಹಾಯ ಮಾಡಿ. ಆಗದಿದ್ದರೆ ಟೀಮಿನವರು ಹಂಚಿಕೊಂಡು ಮಾರಿಕೊಡಿ. ಅವರ ಗ್ರಾಹಕರಿಂದ ಬರಬೇಕಾದ ಬಾಕಿ ಎಷ್ಟಿದೆ ಎಂದು ಬರೆದುಕೊಂಡು, ಅದು ಅವರ ಕೈಗೇ ಸೇರುವ ಹಾಗೆ ನೋಡಿಕೊಳ್ಳಿ. ಆ ಗ್ರಾಹಕರನ್ನು ಇನ್ನು ಯಾರು ನೋಡಿಕೊಳ್ಳಬೇಕು ಎಂದು ಅವರನ್ನೇ ಕೇಳಿ, ಅವರು ಹೆಸರಿಸಿದವರ ಜೊತೆ ಒಂದು ಸಲ ಆ ಮನೆಗಳಿಗೆ ಹೋಗಿ ಪರಿಚಯ ಮಾಡಿಸಿ ಬರಲು ಹೇಳಿ.