ಎಂಟನೇ ಮರದಲ್ಲಿ ಹಿಡಿದ ಜ್ವರ

ಮಳೆ ಹಿಡಿದು ಹತ್ತು ದಿನ ಆಗುವಷ್ಟರಲ್ಲಿ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಕ್ಲಿನಿಕ್‌ಗಳ ಬೆಂಚಿನಲ್ಲಿ ಕೂರಲು ಜಾಗ ಇರುವುದಿಲ್ಲ. ನಮ್ಮಲ್ಲೂ ಅಷ್ಟೆ. ಒಬ್ಬರು ಶೀತ ಎನ್ನುತ್ತಾರೆ, ಪಕ್ಕದವರು ಜರ ಎನ್ನುತ್ತಾರೆ, ಇನ್ನೊಬ್ಬರು ಪನಿ ಎನ್ನುತ್ತಾರೆ. ಮಲಯಾಳದಲ್ಲಿ ಪನಿ ಎಂದರೆ ಜ್ವರ, ತುಳುವಿನಲ್ಲಿ ತುಂತುರು ಮಳೆ. ನಮ್ಮೂರಿಗೆ ಎರಡೂ ಒಟ್ಟಿಗೇ ಬರುವುದರಿಂದ ಗೊಂದಲವೇನಿಲ್ಲ.

ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ. “ಡಾಕ್ಟ್ರೇ, ಇದು ಬರೀ ಶೀತವಾ, ಎಚ್1ಎನ್1 ಆ, ಕೊರೋನಾವಾ?”

ಮುಖ ನೋಡಿ ವೈರಸ್ಸಿನ ಹೆಸರು ಹೇಳಲು ನನಗೂ ಬರುವುದಿಲ್ಲ. ಆದರೆ ಕಾಯಿಲೆ ಹೇಗೆ ಶುರುವಾಯಿತು ಎಂದು ಕೇಳಿದರೆ ಅರ್ಧ ದಾರಿ ಸಿಗುತ್ತದೆ. ಕಳೆದ ಮಳೆಗಾಲದಲ್ಲಿ ಅಡಕೆಗೆ ಮದ್ದು ಬಿಡುವವರೊಬ್ಬರು ಬಂದಿದ್ದರು. ಉಗುರಿನ ಸಂದಿಯಲ್ಲಿ ಬೋರ್ಡೋ ಮದ್ದಿನ ನೀಲಿ ಇನ್ನೂ ಹೋಗಿರಲಿಲ್ಲ. “ಏಳು ಮರದವರೆಗೆ ಏನೂ ಇರಲಿಲ್ಲ. ಎಂಟನೇ ಮರದ ತುದಿಯಲ್ಲಿ ಚಳಿ ಹಿಡಿಯಿತು. ಹೇಗೆ ಇಳಿದೆನೋ ಗೊತ್ತಿಲ್ಲ” ಎಂದರು.

ಫ್ಲೂ ಸಾಮಾನ್ಯವಾಗಿ ಹೀಗೇ ಬರುವುದು. ಹಿಡಿದ ಗಂಟೆ ನೆನಪಿರುತ್ತದೆ. ಜ್ವರ 102, 103. ಸೊಂಟ, ತೊಡೆ ಯಾರೋ ಹೊಡೆದ ಹಾಗೆ. ಒಣ ಕೆಮ್ಮು. ಮಾಮೂಲಿ ಶೀತಕ್ಕೆ ಇಷ್ಟು ಅವಸರ ಇಲ್ಲ. ಇವತ್ತು ಗಂಟಲು ಕೆರೆತ, ನಾಳೆ ಸೀನು, ನಾಡಿದ್ದು ಮೂಗು ಕಟ್ಟುವುದು. ಜ್ವರ ಇದ್ದರೂ ಅಷ್ಟಕ್ಕಷ್ಟೆ. ಅದನ್ನು ತರುವ ರೈನೋ ವೈರಸ್ಸಿನಲ್ಲೇ ನೂರಕ್ಕೂ ಜಾಸ್ತಿ ಬಗೆಗಳಿವೆ. ಒಂದು ಹೋಗಿ ಹದಿನೈದು ದಿನಕ್ಕೆ ಇನ್ನೊಂದು ಬಂದರೆ ಮೈಯಲ್ಲಿ ಶಕ್ತಿಯೇ ಇಲ್ಲ ಎಂದು ಗಾಬರಿ ಬೇಡ.

ಕೊರೋನಾ ಈಗ ಫ್ಲೂ ವೇಷದಲ್ಲೂ ಬರುತ್ತದೆ, ಶೀತದ ವೇಷದಲ್ಲೂ ಬರುತ್ತದೆ. ಪರೀಕ್ಷೆ ಮಾಡದೆ ಬೇರೆ ಮಾಡಲಾಗದು. ಎಚ್1ಎನ್1 ಹೆಸರು ಕೇಳಿ ಹೆದರುವವರಿಗೆ ಒಂದು ಮಾತು. 2009ರಲ್ಲಿ ಹೊಸದಾಗಿ ಬಂದ ಅದು ಈಗ ವರ್ಷವೂ ಬರುವ ಫ್ಲೂಗಳಲ್ಲಿ ಒಂದು. ಬಹಳ ಜನಕ್ಕೆ ಪ್ಯಾರಸಿಟಮಾಲ್, ಗಂಜಿ, ನಿದ್ದೆ ಸಾಕು. ಗರ್ಭಿಣಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಇರುವವರು ಮಾತ್ರ ಎರಡು ದಿನ ನೋಡೋಣ ಎನ್ನಬಾರದು. ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಮದ್ದುಂಟು. ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ.

ಮೂಗು, ಗಂಟಲು, ಕೆಮ್ಮು ಯಾವುದರ ಸುದ್ದಿಯೂ ಇಲ್ಲದೆ ಬರೀ ಜ್ವರ ಎಂದರೆ ನನ್ನ ಯೋಚನೆ ತೋಟಕ್ಕೆ ಹೋಗುತ್ತದೆ. ಬಿದ್ದ ಅಡಕೆ ಹಾಳೆಯಲ್ಲಿ ನಿಂತ ನೀರು ಡೆಂಗಿ ಸೊಳ್ಳೆಗೆ ತೊಟ್ಟಿಲು. ಕಾಲಿನ ಮೀನಖಂಡ ಮುಟ್ಟಿದರೆ ನೋವು, ಕಣ್ಣು ಕೆಂಪು ಇದ್ದರೆ ಇಲಿಜ್ವರ ಇರಬಹುದು. ಕೆಸರಿನಲ್ಲಿ ಕೆಲಸ ಮಾಡಿದ್ದರೆ ಡಾಕ್ಟರು ಕೇಳದಿದ್ದರೂ ಹೇಳಿಬಿಡಿ. ಡೆಂಗಿ ಅಲ್ಲ ಎಂದು ಗೊತ್ತಾಗುವವರೆಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ.

ಆ ಮದ್ದು ಬಿಡುವವರ ಮನೆಯಲ್ಲಿ ಎಂಟು ತಿಂಗಳ ಮಗುವಿತ್ತು. ಐದಾರು ದಿನ ಬಿಟ್ಟು ಮಗುವಿನ ತಾಯಿ, ಅಜ್ಜಿ ಇಬ್ಬರೂ ಓಡಿ ಬಂದರು. ನೆತ್ತಿಗೆ ರಾಸ್ನಾದಿ ಎಂಬ ಆಯುರ್ವೇದದ ಪುಡಿ ತಿಕ್ಕಿದ್ದರು. ಅದರಿಂದ ತೊಂದರೆಯೇನಿಲ್ಲ. ಹಿಂದೆ ಯಾವಾಗಲೋ ತಂದು ಉಳಿದಿದ್ದ ಆಂಟಿಬಯಾಟಿಕ್ ಸಿರಪ್ ಕುಡಿಸಿ ಎರಡು ದಿನ ಕಾದಿದ್ದರು. ತೊಂದರೆ ಅಲ್ಲಿತ್ತು. ಅಪ್ಪನಿಂದ ಬಂದ ಫ್ಲೂವೋ, ಎಳೆ ಮಕ್ಕಳ ಎದೆಗೆ ಇಳಿಯುವ ಆರ್‌ಎಸ್‌ವಿ ಎಂಬ ವೈರಸ್ಸೋ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಿ ಎತ್ತಿಸಿ ಉಸಿರು ಎಣಿಸಿದೆ.

ಇದನ್ನು ಮನೆಯಲ್ಲೂ ಮಾಡಬಹುದು. ಮಗು ಅಮ್ಮನ ಮಡಿಲಲ್ಲೇ ಇರಲಿ, ಅಳು ನಿಲ್ಲಲಿ. ಹೊಟ್ಟೆ ಒಮ್ಮೆ ಎದ್ದು ಇಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಬೇಕು, ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದಲ್ಲ. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆಸ್ಪತ್ರೆಗೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಹಾಲು ಕುಡಿಯಲಾಗದಿದ್ದರೆ, ಲೆಕ್ಕ ಮಾಡುತ್ತಾ ಕೂರುವುದೇ ಬೇಡ. ಈ ಮಗುವಿಗೆ 58 ಇತ್ತು, ಗುಳಿಯೂ ಇತ್ತು. ಎರಡು ದಿನ ಆಮ್ಲಜನಕ ಬೇಕಾಯಿತು. ಆಮೇಲೆ ನಗುತ್ತಾ ಮನೆಗೆ ಬಂತು.

ದೊಡ್ಡವರಲ್ಲಿ ನಾನು ಹೆದರುವುದು ಎರಡನೇ ಜ್ವರಕ್ಕೆ. ಮೂರು ದಿನಕ್ಕೆ ಬಿಟ್ಟ ಜ್ವರ ಐದಾರನೇ ದಿನ ತಿರುಗಿ ಬಂದು, ಜೊತೆಗೆ ಎದೆ ಚುಚ್ಚಿದರೆ ನ್ಯುಮೋನಿಯಾ ಇರಬಹುದು. ಆಂಟಿಬಯಾಟಿಕ್‌ಗೆ ಕೆಲಸ ಅಲ್ಲಿ, ಶೀತದಲ್ಲಿ ಅಲ್ಲ. ಚೀಟಿ ಇಲ್ಲದೆ ಅದನ್ನು ಮಾರುವುದನ್ನು ತಡೆಯಲು ಕೇರಳದಲ್ಲಿ 2024ರಲ್ಲಿ ಆಪರೇಷನ್ ಅಮೃತ್ ಶುರುವಾದಾಗ ನನ್ನೊಡನೆ ಜಗಳವಾಡಿದವರೂ ಇದ್ದಾರೆ. ನನಗಂತೂ ಸಂತೋಷವೇ ಆಯಿತು.

ಬಾರದ ಹಾಗೆ ನೋಡಿಕೊಳ್ಳುವುದು ಹೇಗೆ? ನಮ್ಮ ಕಡೆ ಫ್ಲೂ ಜೋರಾಗುವುದು ಮಳೆಯೊಂದಿಗೆ. ಹಾಗಾಗಿ ಲಸಿಕೆ ಮೇ ತಿಂಗಳೊಳಗೆ ಆಗಬೇಕು, ಅದೂ ವರ್ಷ ವರ್ಷವೂ. ಮಕ್ಕಳ ನ್ಯುಮೋನಿಯಾ ಲಸಿಕೆ ಪಿಸಿವಿ 2021ರಿಂದ ದೇಶವಿಡೀ ಸರ್ಕಾರಿ ಪಟ್ಟಿಯಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ. ಕೆಮ್ಮುವವರು ಮನೆಯೊಳಗೂ ಮಾಸ್ಕ್ ಹಾಕಲಿ. ಇಡೀ ಮನೆಗೆ ಒಂದೇ ಬೈರಾಸು (ಟವೆಲ್) ಬೇಡ. ಮಳೆ ಎಂದು ಎಲ್ಲ ಕಿಟಕಿ ಮುಚ್ಚಿ, ಒಳಗೆ ಹೊಗೆ ತುಂಬಿಸಿಕೊಂಡು ಕೂತರೆ ಲಸಿಕೆ ಎಷ್ಟೆಂದು ಕಾಯುತ್ತದೆ? ಕರಿಮೆಣಸಿನ ಕಷಾಯ, ಸಾಂಬ್ರಾಣಿ ಎಲೆ (ದೊಡ್ಡಪತ್ರೆ) ಗಂಟಲಿಗೆ ಹಿತ, ಕುಡಿಯಿರಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಮಾತ್ರ ಬೇಡವೇ ಬೇಡ.

ಇನ್ನೊಂದುಂಟು. ಕೆಮ್ಮು ಎರಡು ವಾರ ದಾಟಿದರೆ ಮಳೆಯ ಮೇಲೆ ತಪ್ಪು ಹಾಕಬೇಡಿ. ಕ್ಷಯ ಹೌದೋ ಅಲ್ಲವೋ ನೋಡಲೇಬೇಕು. ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಬೆಳಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಉದ್ದಕ್ಕೆ ಉಸಿರೆಳೆದು ಕೆಮ್ಮಿ, ಎದೆಯಿಂದ ಬಂದ ಕಫ ಡಬ್ಬಿಗೆ ಹಾಕಿ ಕೊಡಿ. ಬಾಯಿಯ ಉಗುಳು ತಂದರೆ ಮಾರನೇ ದಿನ ಮತ್ತೆ ಬರಬೇಕಾಗುತ್ತದೆ.